ತುಮಕೂರಿನ ಭಾನುವಾರದ ಆಲ್ಜೀಬ್ರಾ ಕ್ಲಾಸ್: ಯಾರು ಸೇರಬೇಕು, ಯಾರಿಗೆ ಬೇಡ

ಎಂಎಸ್ಸಿ ಮ್ಯಾಥ್ಸ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಆಲ್ಜೀಬ್ರಾ ಬಿಡಬಾರದು ಅಂತ ಆಸೆ ಇರುವವರು ನಮ್ಮ ಜಿಲ್ಲೆಯಲ್ಲಿ ಜಾಸ್ತಿ ಇದ್ದಾರೆ. ಅವರಿಗೆ ಹೋಗಲು ಜಾಗ ಮಾತ್ರ ಇಲ್ಲ. ಬೆಂಗಳೂರಿನ ಕೋಚಿಂಗ್ ಸೆಂಟರುಗಳಿಗೆ ಬೇಕಾದದ್ದು ಪರೀಕ್ಷೆ ಪಾಸು ಮಾಡುವವರು. ಯೂನಿವರ್ಸಿಟಿಗೆ ಬೇಕಾದದ್ದು ಪಿಎಚ್‌ಡಿಗೆ ಹೆಸರು ಹಚ್ಚಿದವರು. ನಡುವೆ ಉಳಿದ ನನ್ನಂಥವರಿಗಾಗಿ ತುಮಕೂರಿನ ಎಸ್.ಎಸ್. ಪುರಂನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಭಾನುವಾರ ಕ್ಲಾಸ್ ನಡೆಸುತ್ತಾರೆ. ಹೊರಗೆ ಹೆಸರಿನ ಬೋರ್ಡಿಲ್ಲ, ಕ್ಲಾಸಿಗೆ ಹೆಸರೂ ಇಲ್ಲ. ತಮ್ಮ ಹೆಸರು ಹಾಕಬೇಡಿ ಅಂತಲೂ ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಅಲ್ಲಿ ನಾನು ಈ ಸಲ ಕಲಿತ ವಿಷಯ ಇನ್ವರ್ಸ್ ಮೊನಾಯ್ಡ್‌ಗಳು (ತುಂಡು ತುಂಡಾದ ಸಿಮೆಟ್ರಿಗಳ ಲೆಕ್ಕ), ಅವು ಗ್ರಾಫ್ (ಚುಕ್ಕಿ, ಗೆರೆಗಳ ಚಿತ್ರ) ಮತ್ತು ಫಾರೆಸ್ಟ್‌ಗಳ (ಸುತ್ತು ಇಲ್ಲದ ಗ್ರಾಫ್‌ಗಳ) ಮೇಲೆ ಮಾಡುವ ಕೆಲಸ. ಸೇರುವ ಮುಂಚೆ ನಿಮಗೆ ಏನೇನು ಗೊತ್ತಿರಬೇಕೋ ಅದನ್ನೆಲ್ಲ ಬರೆಯುತ್ತೇನೆ.

ನಾನು ಗುಬ್ಬಿ ಕಡೆಯ ಪಿಯು ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುವವಳು. ಈ ಹಿಂದೆ ದೊಡ್ಡ ಊರಿನ ಒಂದು ಕೋಚಿಂಗ್‌ಗೆ ದುಡ್ಡು ಕಟ್ಟಿ ಬಂದಿದ್ದೇನೆ. ಅಲ್ಲಿ ಪರದೆ ಮೇಲೆ ಡೆಫಿನಿಷನ್ ಬರುತ್ತಿತ್ತು, ಥಿಯರಂ ಬರುತ್ತಿತ್ತು, ಆಮೇಲೆ ನಾಲ್ಕು ಆಯ್ಕೆಯ ಪ್ರಶ್ನೆ. ಯಾರೂ ಒಂದು ಉದಾಹರಣೆಯನ್ನು ಕೊನೆ ತನಕ ಮಾಡಿ ತೋರಿಸಲಿಲ್ಲ. ಕೈ ಎತ್ತಿದರೆ "ಇದು ಪರೀಕ್ಷೆಗೆ ಬರಲ್ಲ ಮೇಡಂ" ಅನ್ನುತ್ತಿದ್ದರು. ಕಟ್ಟಿದ ಫೀಸನ್ನು ವಾಪಸ್ ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ.

ತುಮಕೂರಿನ ಈ ಕ್ಲಾಸ್ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಉದಾಹರಣೆ ಮೊದಲು, ಡೆಫಿನಿಷನ್ ಆಮೇಲೆ. ಕೆಲವೊಮ್ಮೆ ಡೆಫಿನಿಷನ್ ಬರುವಷ್ಟರಲ್ಲಿ ಮುಂದಿನ ಭಾನುವಾರ ಆಗಿರುತ್ತದೆ.

ಮೊದಲ ಪಾಠವನ್ನೇ ತಗೊಳ್ಳಿ. ಮೇಷ್ಟ್ರು ಬೋರ್ಡ್ ಮೇಲೆ 1, 2, 3 ಅಂತ ಬರೆದರು. "ಈ ಮೂರನ್ನ ಈ ಮೂರಕ್ಕೇ ಕಳಿಸಿ. ಆದರೆ ಎಲ್ಲವನ್ನೂ ಕಳಿಸಲೇಬೇಕು ಅಂತ ಏನಿಲ್ಲ. ಕೆಲವನ್ನ ಮನೇಲೇ ಬಿಡಬಹುದು. ಇಬ್ಬರು ಒಂದೇ ಕಡೆ ಹೋಗಬಾರದು, ಅಷ್ಟೇ. ಒಟ್ಟು ಎಷ್ಟು ಥರ?" ಎಲ್ಲರೂ ಪುಸ್ತಕ ತೆಗೆದು ಬರೆಯಲು ಕೂತೆವು. ಮೂರನ್ನೂ ಕಳಿಸುವುದು 6 ಥರ. ಅದು ಗೊತ್ತಿರುವುದೇ, ಪರ್ಮ್ಯುಟೇಶನ್ ಗ್ರೂಪ್ (ಗ್ರೂಪ್‌ನಲ್ಲಿ ಮಾಡಿದ್ದನ್ನು ಯಾವಾಗಲೂ ಪೂರ್ತಿ ಹಿಂದಕ್ಕೆ ತಿರುಗಿಸಬಹುದು). ಒಂದನ್ನೇ ಕಳಿಸುವುದು 9 ಥರ. ಎರಡನ್ನು ಕಳಿಸಬೇಕಾದರೆ ಯಾವ ಎರಡು ಅನ್ನುವುದಕ್ಕೆ 3 ದಾರಿ, ಯಾವ ಎರಡು ಜಾಗಕ್ಕೆ ಅನ್ನುವುದಕ್ಕೆ 3 ದಾರಿ, ಹೇಗೆ ಜೋಡಿಸುವುದು ಅನ್ನುವುದಕ್ಕೆ 2 ದಾರಿ, ಅಂದರೆ 18. ಯಾರನ್ನೂ ಕಳಿಸದೇ ಇರುವುದು 1. ಒಟ್ಟು 34. ಹಿಂದೆ ಕೂತಿದ್ದ ಇಂಜಿನಿಯರಿಂಗ್ ಹುಡುಗನೊಬ್ಬ 33 ಅಂದ. "ಖಾಲಿಯನ್ನ ಬಿಟ್ಟೆಯಲ್ಲಪ್ಪಾ, ಅದು ಇಲ್ಲದಿದ್ರೆ ಗುಣಾಕಾರವೇ ನಿಂತುಹೋಗುತ್ತೆ" ಅಂದರು ಮೇಷ್ಟ್ರು. ಯಾಕೆ ನಿಂತುಹೋಗುತ್ತೆ ಅಂತಲೂ ಅವನ ಕೈಯಲ್ಲೇ ಹೇಳಿಸಿದರು. ಒಂದು ಮ್ಯಾಪ್ (ಹೀಗೆ ಕಳಿಸುವ ಒಂದು ಥರ) 1 ಅನ್ನು 2ಕ್ಕೆ ಕಳಿಸಿ ನಿಲ್ಲುತ್ತದೆ. ಅದರ ಹಿಂದೆ ಬರುವ ಮ್ಯಾಪ್ 3 ಅನ್ನು ಮಾತ್ರ ಮುಟ್ಟುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಮಾಡಿದರೆ (ಇಲ್ಲಿ ಗುಣಾಕಾರ ಅಂದರೆ ಅದೇ) ಕೈಗೆ ಏನೂ ಸಿಗುವುದಿಲ್ಲ. ಆ "ಏನೂ ಇಲ್ಲ" ಅನ್ನುವುದಕ್ಕೂ ಪಟ್ಟಿಯಲ್ಲಿ ಒಂದು ಸೀಟು ಬೇಕು.

ಈ 34ರ ಗುಂಪೇ ಇನ್ವರ್ಸ್ ಮೊನಾಯ್ಡ್‌ಗೆ ಮೊದಲ ಒಳ್ಳೆಯ ಉದಾಹರಣೆ. ಪ್ರತಿಯೊಂದು ಮ್ಯಾಪನ್ನೂ ಹಿಂದಕ್ಕೆ ತಿರುಗಿಸಬಹುದು. ಆದರೆ ಮುಂದೆ ಹೋಗಿ ಹಿಂದೆ ಬಂದರೆ ಸಿಗುವುದು ಪೂರ್ತಿ ಐಡೆಂಟಿಟಿ (ಎಲ್ಲವನ್ನೂ ಇದ್ದಲ್ಲೇ ಬಿಡುವ ಮ್ಯಾಪ್) ಅಲ್ಲ, ಹೊರಟ ಜಾಗದ ಮೇಲಿನ ಐಡೆಂಟಿಟಿ ಮಾತ್ರ. ಅಂಥ ತುಂಡು ಐಡೆಂಟಿಟಿಗಳು ಇಲ್ಲಿ 8 ಇವೆ, 1, 2, 3ರ ಒಂದೊಂದು ಉಪಗಣಕ್ಕೆ ಒಂದೊಂದು. ಅವುಗಳಲ್ಲಿ ಯಾವ ಎರಡನ್ನು ಗುಣಿಸಿದರೂ ಎರಡು ಉಪಗಣಗಳಿಗೂ ಸಾಮಾನ್ಯವಾದ ಭಾಗ ಉಳಿಯುತ್ತದೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಜಗಳವೇ ಇಲ್ಲ. ಇಷ್ಟು ಕೈಯಲ್ಲಿ ಆಡಿದ ಮೇಲೆ ಮೇಷ್ಟ್ರು ಡೆಫಿನಿಷನ್ ಬರೆದರು: ಪ್ರತಿ ಎಲಿಮೆಂಟ್ ಎಸ್‌ಗೂ ಒಂದೇ ಒಂದು ಟಿ (ಅದೇ ಎಸ್-ಇನ್ವರ್ಸ್) ಇರಬೇಕು, ಎಸ್-ಟಿ-ಎಸ್ ಮಾಡಿದರೆ ಎಸ್ ಬರಬೇಕು, ಟಿ-ಎಸ್-ಟಿ ಮಾಡಿದರೆ ಟಿ ಬರಬೇಕು. ಪುಸ್ತಕದಲ್ಲಿ ಮೊದಲ ಸಲ ಓದಿದಾಗ ಈ ಸಾಲು ಆಕಾಶದಿಂದ ಬಿದ್ದ ಹಾಗೆ ಕಾಣುತ್ತದೆ. ಇಲ್ಲಿ ಅದು ನಾವೇ ಬರೆದ ಪಟ್ಟಿಯಿಂದ ಎದ್ದು ಬಂತು.

ಇತಿಹಾಸವನ್ನೂ ಅವರು ಬಿಡುವುದಿಲ್ಲ, ಆದರೆ ಎಳೆಯುವುದೂ ಇಲ್ಲ. ರಷ್ಯಾದ ಸಾರಾಟೋವ್‌ನಲ್ಲಿದ್ದ ವಿಕ್ಟರ್ ವಾಗ್ನರ್ 1952ರಲ್ಲಿ ಇವನ್ನು ಬೆಳಕಿಗೆ ತಂದರು. ಅವರ ಮೂಲ ಕ್ಷೇತ್ರ ಡಿಫರೆನ್ಷಿಯಲ್ ಜಿಯಾಮೆಟ್ರಿ. ಅಲ್ಲಿ ಒಂದು ಕೋಆರ್ಡಿನೇಟ್‌ನಿಂದ ಇನ್ನೊಂದಕ್ಕೆ ಹೋಗುವ ಮ್ಯಾಪ್‌ಗಳು ಎಲ್ಲ ಕಡೆ ಇರುವುದಿಲ್ಲ, ತುಂಡು ತುಂಡಾಗಿ ಇರುತ್ತವೆ. ಬ್ರಿಟನ್‌ನ ಗಾರ್ಡನ್ ಪ್ರೆಸ್ಟನ್ 1954ರಲ್ಲಿ ತಾವೇ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಯಾವ ಇನ್ವರ್ಸ್ ಸೆಮಿಗ್ರೂಪನ್ನು (ಪೂರ್ತಿ ಐಡೆಂಟಿಟಿ ಇರಲೇಬೇಕು ಅನ್ನುವ ಷರತ್ತು ಬಿಟ್ಟ ಇನ್ವರ್ಸ್ ಮೊನಾಯ್ಡನ್ನು) ತೆಗೆದುಕೊಂಡರೂ ಅದು ಒಂದು ಗಣದ ಮೇಲಿನ ಇಂಥ ತುಂಡು ಮ್ಯಾಪ್‌ಗಳ ಒಳಗೆ ಕೂರುತ್ತದೆ ಅನ್ನುವ ಥಿಯರಂಗೆ ಇಬ್ಬರ ಹೆಸರೂ ಇದೆ. ಪ್ರತಿ ಗ್ರೂಪೂ ಪರ್ಮ್ಯುಟೇಶನ್‌ಗಳ ಒಳಗೆ ಕೂರುತ್ತದೆ ಅನ್ನುವ ಕೇಲಿ ಥಿಯರಂ ಗ್ರೂಪ್‌ಗಳಿಗೆ ಹೇಗೋ ಹಾಗೆ.

ನಾನು ಈ ಕ್ಲಾಸನ್ನು ಎಲ್ಲರಿಗೂ ಹೇಳಿಕೊಂಡು ಓಡಾಡಲು ಕಾರಣ ಏಳು ಚುಕ್ಕಿಯ ಮರ. ಮರ ಅಂದರೆ ಸುತ್ತು ಇಲ್ಲದ, ಒಂದೇ ಹೋಳಾಗಿರುವ ಗ್ರಾಫ್. ನೀವೂ ಒಂದು ಹಾಳೆ ತೆಗೆದು ಬರೆದುಕೊಳ್ಳಿ. ನಡುವೆ ಒಂದು ಚುಕ್ಕಿ. ಅದಕ್ಕೆ ಮೂರು ಕಾಲು. ಮೊದಲ ಕಾಲಿನಲ್ಲಿ ಒಂದು ಚುಕ್ಕಿ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಒಟ್ಟು ಏಳು ಚುಕ್ಕಿ, ಆರು ಗೆರೆ. ಈಗ ಇದರ ಸಿಮೆಟ್ರಿ ಹುಡುಕಿ, ಅಂದರೆ ಗೆರೆಗಳು ಕೆಡದ ಹಾಗೆ ಚುಕ್ಕಿಗಳನ್ನು ಅದಲು ಬದಲು ಮಾಡುವ ದಾರಿ. ಮೂರು ಗೆರೆ ಸೇರುವ ಚುಕ್ಕಿ ನಡುವಿನದೊಂದೇ, ಅದು ಅಲ್ಲಾಡುವ ಹಾಗಿಲ್ಲ. ಮೂರು ಕಾಲುಗಳ ಉದ್ದ ಬೇರೆ ಬೇರೆ, ಅವೂ ಅದಲು ಬದಲು ಆಗುವ ಹಾಗಿಲ್ಲ. ಐಡೆಂಟಿಟಿ ಒಂದೇ ಉಳಿಯಿತು. ಒಂಟಿ ಚುಕ್ಕಿಯನ್ನು ಬಿಟ್ಟರೆ, ಒಂದೂ ಸಿಮೆಟ್ರಿ ಇಲ್ಲದ ಮರಗಳಲ್ಲಿ ಇದೇ ಅತಿ ಚಿಕ್ಕದು. ಗ್ರೂಪ್ ಥಿಯರಿ ಇದನ್ನು ನೋಡಿ "ಇಲ್ಲಿ ನನಗೆ ಕೆಲಸ ಇಲ್ಲ" ಅಂತ ಎದ್ದು ಹೋಗುತ್ತದೆ.

ನಾನೂ ಪೆನ್ನು ಕೆಳಗಿಟ್ಟೆ. ಮೇಷ್ಟ್ರು ನನ್ನ ಕಡೆ ತಿರುಗಿ, "ಯಾಕಮ್ಮ, ಗ್ರೂಪ್ ಕೈಚೆಲ್ಲಿತು ಅಂತ ನೀನೂ ಮರಾನ ಬಿಟ್ಟುಬಿಡ್ತೀಯಾ?" ಅಂದರು. ಡಸ್ಟರ್ ತಗೊಂಡು ಉದ್ದ ಕಾಲಿನ ತುದಿಯ ಚುಕ್ಕಿ ಅಳಿಸಿದರು. ಈಗ ಕಾಲುಗಳ ಉದ್ದ 1, 2, 2. ಎರಡು ಕಾಲು ಅದಲು ಬದಲು ಆಗುತ್ತವೆ! ಅಳಿಸಿದ್ದನ್ನು ಮತ್ತೆ ಬರೆದು, ಎರಡನೇ ಕಾಲಿನ ತುದಿ ಅಳಿಸಿದರು. 1, 1, 3. ಮತ್ತೆ ಒಂದು ಅದಲು ಬದಲು. ಆಮೇಲೆ ಮೂರು ಚುಕ್ಕಿಯ ಕಾಲನ್ನು ಹಾಗೇ ಎತ್ತಿ ಎರಡು ಚುಕ್ಕಿಯ ಕಾಲು ಮತ್ತು ನಡುಚುಕ್ಕಿಯ ಮೇಲೆ ಕೂರಿಸಿದರು. ಅದೂ ಸರಿಯಾಗಿ ಕೂತಿತು. ಹೊರಟ ಜಾಗ ಒಂದು, ಸೇರಿದ ಜಾಗ ಇನ್ನೊಂದು, ಆದರೂ ಗೆರೆಗೆ ಗೆರೆ, ಚುಕ್ಕಿಗೆ ಚುಕ್ಕಿ. ಇಡೀ ಮರಕ್ಕೆ ಸಿಮೆಟ್ರಿ ಇಲ್ಲದಿದ್ದರೂ ಅದರ ತುಂಡುಗಳ ನಡುವೆ ಇಷ್ಟೊಂದು ಸಿಮೆಟ್ರಿ ಇದೆ. ಅದನ್ನೆಲ್ಲ ಒಟ್ಟಿಗೆ ಹಿಡಿದಿಡಲು ಗ್ರೂಪ್‌ಗೆ ಆಗುವುದಿಲ್ಲ, ಇನ್ವರ್ಸ್ ಮೊನಾಯ್ಡ್‌ಗೆ ಆಗುತ್ತದೆ.

ಕೊನೆಗೆ ನಡುಚುಕ್ಕಿಯನ್ನೇ ಅಳಿಸಿದರು. ಮರ ಮೂರು ಹೋಳಾಯಿತು: ಒಂಟಿ ಚುಕ್ಕಿ, ಎರಡು ಚುಕ್ಕಿಯ ಕಡ್ಡಿ, ಮೂರು ಚುಕ್ಕಿಯ ಕಡ್ಡಿ. ಎರಡು ಕಡ್ಡಿಗಳನ್ನೂ ಬೇರೆ ಬೇರೆಯಾಗಿ ತಲೆಕೆಳಗು ಮಾಡಬಹುದು, ಒಟ್ಟು 4 ಥರ. "ಇದು ಮರ ಅಲ್ಲ, ಕಾಡು" ಅಂದರು. ಕೋರ್ಸಿನ ವಿಷಯದಲ್ಲಿ ಫಾರೆಸ್ಟ್ ಯಾಕಿದೆ ಅನ್ನುವ ನನ್ನ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಗ್ರೂಪ್ ಒಂದು ಮರದ ಮೇಲೆ ಕೆಲಸ ಮಾಡಿದರೆ ಇಡೀ ಮರವನ್ನೇ ಹಿಡಿದು ಅಲ್ಲಾಡಿಸುತ್ತದೆ. ಇನ್ವರ್ಸ್ ಮೊನಾಯ್ಡ್‌ನ ಒಂದು ಎಲಿಮೆಂಟ್ ಮುಟ್ಟುವುದು ಒಂದು ಸಬ್‌ಗ್ರಾಫನ್ನು (ಗ್ರಾಫಿನ ತುಂಡನ್ನು) ಮಾತ್ರ. ಮರದ ಸಬ್‌ಗ್ರಾಫ್ ಒಂದೇ ಹೋಳಾಗಿ ಇರಬೇಕು ಅಂತ ಏನಿಲ್ಲ ಅಲ್ವಾ? ಹೋಳಾದರೂ ಅದರಲ್ಲಿ ಸುತ್ತು ಬರುವುದಿಲ್ಲ. ಹಾಗಾಗಿ ಮರದಿಂದ ಶುರು ಮಾಡಿದರೂ ನಾವು ಕಾಡಿಗೇ ಬಂದು ಸೇರುತ್ತೇವೆ.

ಮನ್ ಟ್ರೀ ಪಾಠವೂ ಇದೇ ಮಟ್ಟದ್ದು. ಫ್ರೀ ಇನ್ವರ್ಸ್ ಮೊನಾಯ್ಡ್‌ನಲ್ಲಿ (ಎ, ಬಿ ಥರದ ಅಕ್ಷರ ಮತ್ತು ಅವುಗಳ ಇನ್ವರ್ಸ್ ಜೋಡಿಸಿ ಪದ ಕಟ್ಟುವುದು, ಇರಲೇಬೇಕಾದ ನಿಯಮ ಬಿಟ್ಟು ಬೇರೆ ನಿಯಮ ಇಲ್ಲ) ಎರಡು ಪದ ಒಂದೇನಾ, ಬೇರೆನಾ ಅಂತ ಹೇಗೆ ಹೇಳುವುದು? ಡಬ್ಲ್ಯು.ಡಿ. ಮನ್ 1974ರಲ್ಲಿ ಇದಕ್ಕೆ ಚಿತ್ರದ ಉತ್ತರ ಕೊಟ್ಟರು. ಪದವನ್ನು ಅಕ್ಷರ ಅಕ್ಷರವಾಗಿ ಓದುತ್ತಾ ಫ್ರೀ ಗ್ರೂಪ್‌ನ ಕೇಲಿ ಗ್ರಾಫ್ (ಪ್ರತಿ ಚುಕ್ಕಿಯಿಂದ ಪ್ರತಿ ಅಕ್ಷರಕ್ಕೂ ಅದರ ಇನ್ವರ್ಸ್‌ಗೂ ಒಂದೊಂದು ಗೆರೆ ಇರುವ ಕೊನೆಯಿಲ್ಲದ ಮರ) ಮೇಲೆ ನಡೆಯಿರಿ. ನಡೆದ ದಾರಿಯಷ್ಟನ್ನು ಗೆರೆ ಎಳೆದು ಇಟ್ಟುಕೊಳ್ಳಿ, ಎಲ್ಲಿ ನಿಂತಿರಿ ಅಂತ ಗುರುತು ಹಾಕಿ. ಎರಡು ಪದಗಳಿಗೆ ಅದೇ ಮರ, ಅದೇ ನಿಂತ ಜಾಗ ಬಂದರೆ ಎರಡೂ ಒಂದೇ. ಇಲ್ಲದಿದ್ದರೆ ಬೇರೆ. ಎ, ಎ-ಇನ್ವರ್ಸ್ ಅಂತ ನಡೆದರೆ ಹೊರಟ ಜಾಗಕ್ಕೇ ಬರುತ್ತೀರಿ. ಗ್ರೂಪ್‌ನಲ್ಲಿ ಅದು ಸುಮ್ನೆ 1. ಇಲ್ಲಿ ಅಲ್ಲ. ನನ್ನನ್ನೇ ತೋರಿಸಿ ಮೇಷ್ಟ್ರು ಹೇಳಿದರು: "ಈಯಮ್ಮ ಬೆಳಿಗ್ಗೆ ಗುಬ್ಬಿಯಿಂದ ಬಸ್ಸಲ್ಲಿ ಬಂದು ಸಾಯಂಕಾಲ ವಾಪಸ್ ಹೋಗುತ್ತೆ. ಇರೋದು ಮನೇಲೇ. ಹಾಗಂತ ಇಡೀ ದಿನ ಮನೇಲೇ ಕೂತಿದ್ದ ಹಾಗಾಯ್ತಾ?" ಗ್ರೂಪ್ ಕೊನೆಗೆ ಎಲ್ಲಿದ್ದೀರಿ ಅಂತ ಮಾತ್ರ ಕೇಳುತ್ತದೆ. ಇನ್ವರ್ಸ್ ಮೊನಾಯ್ಡ್ ಯಾವ ದಾರಿ ತುಳಿದಿರಿ ಅಂತಲೂ ನೆನಪಿಟ್ಟುಕೊಳ್ಳುತ್ತದೆ.

ಆಮೇಲೆ ಬೋರ್ಡ್ ಮೇಲೆ ಮಾಡಿಸಿದರು. ಎ ಹೋಗಿ ಬಂದು, ಬಿ ಹೋಗಿ ಬಂದರೆ ಬುಡದಿಂದ ಎರಡು ಕೊಂಬೆ, ನಿಂತಿದ್ದು ಬುಡದಲ್ಲಿ. ಮೊದಲು ಬಿ, ಆಮೇಲೆ ಎ ಮಾಡಿದರೂ ಅದೇ ಚಿತ್ರ. ತುಂಡು ಐಡೆಂಟಿಟಿಗಳು ಯಾವ ಕ್ರಮದಲ್ಲಿ ಬಂದರೂ ಒಂದೇ ಅಂತ ಮೊದಲ ಪಾಠದಲ್ಲಿ ಕಂಡದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಎ ಹೋಗಿ, ಅಲ್ಲಿಂದ ಬಿ ಹೋಗಿ ವಾಪಸ್ ಎ ತುದಿಗೆ ಬಂದರೆ ಎರಡು ಗೆರೆಯ ಕಡ್ಡಿ, ನಿಂತಿದ್ದು ನಡುವೆ. ಬರೀ ಎ ಆದರೆ ಒಂದೇ ಗೆರೆ. ಗ್ರೂಪ್‌ನಲ್ಲಿ ಎರಡೂ ಎ. ಇಲ್ಲಿ ಬೇರೆ ಬೇರೆ, ಮರ ದೊಡ್ಡದಿರುವುದು ಕ್ರಮದಲ್ಲಿ (ಒಂದು ಮ್ಯಾಪ್‌ನ ತುಂಡು ಚಿಕ್ಕದು, ಅದನ್ನು ಒಳಗೊಂಡ ಮ್ಯಾಪ್ ದೊಡ್ಡದು ಅನ್ನುವ ಕ್ರಮ) ಕೆಳಗೆ. ಈ "ದೊಡ್ಡ ಮರ, ಚಿಕ್ಕ ಎಲಿಮೆಂಟ್" ಅನ್ನುವುದು ಕ್ಲಾಸಿನಲ್ಲಿ ಎಲ್ಲರಿಗೂ ಸ್ವಲ್ಪ ಹೊತ್ತು ತಲೆ ತಿನ್ನುತ್ತದೆ. ಗಾಬರಿ ಬೇಡ. ಜಾಸ್ತಿ ಷರತ್ತು ಹಾಕಿದಷ್ಟೂ ಮ್ಯಾಪ್‌ಗೆ ಕೆಲಸ ಮಾಡಲು ಜಾಗ ಕಡಿಮೆ, ಅದಕ್ಕೇ ಹಾಗೆ. ಎರಡು ಮನ್ ಟ್ರೀಗಳನ್ನು ಗುಣಿಸುವುದು ಇನ್ನೂ ಚೆಂದ. ಮೊದಲನೆಯದರಲ್ಲಿ ಎಲ್ಲಿ ನಿಂತಿದ್ದೀರೋ ಅಲ್ಲಿ ಎರಡನೆಯದರ ಬುಡವನ್ನು ಅಂಟಿಸಿ, ಒಂದರ ಮೇಲೊಂದು ಬಿದ್ದ ಗೆರೆಗಳನ್ನು ಒಂದೇ ಮಾಡಿ. ಮುಗಿಯಿತು.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಕೋರ್ಸಿನ ಕೊನೆ ಭಾಗ ಓಡುತ್ತದೆ. ಗ್ರೂಪ್ ಮರದ ಮೇಲೆ ಕೆಲಸ ಮಾಡುವ ಕಥೆಯನ್ನು ಜಾನ್-ಪಿಯೆರ್ ಸೆರ್ ಮತ್ತು ಹೈಮನ್ ಬಾಸ್ ಕಟ್ಟಿದರು. ಒಂದು ಗ್ರೂಪ್ ಯಾವುದಾದರೂ ಮರದ ಮೇಲೆ ಫ್ರೀಯಾಗಿ (ಐಡೆಂಟಿಟಿ ಬಿಟ್ಟು ಬೇರೆ ಯಾವುದೂ ಯಾವ ಚುಕ್ಕಿಯನ್ನೂ ಇದ್ದಲ್ಲೇ ಬಿಡದೆ), ಯಾವ ಗೆರೆಯನ್ನೂ ತಿರುಗುಮುರುಗು ಮಾಡದೆ ಕೆಲಸ ಮಾಡಿದರೆ ಅದು ಫ್ರೀ ಗ್ರೂಪ್. ಫ್ರೀ ಗ್ರೂಪ್ ಆದರೆ ಅಂಥ ಮರ ಸಿಕ್ಕೇ ಸಿಗುತ್ತದೆ. ಇಲ್ಲಿಂದ ಒಂದೇ ಹೊಡೆತಕ್ಕೆ ಫ್ರೀ ಗ್ರೂಪ್‌ನ ಸಬ್‌ಗ್ರೂಪ್ ಕೂಡ ಫ್ರೀ ಅಂತ ಬರುತ್ತದೆ, ಯಾಕೆಂದರೆ ಅದೇ ಮರದ ಮೇಲೆ ಸಬ್‌ಗ್ರೂಪೂ ಫ್ರೀಯಾಗಿ ಕೆಲಸ ಮಾಡುತ್ತದೆ. ಈ ಭಾಗ ಚೆನ್ನಾಗಿ ಹೇಳಿದರು. ಆದರೆ ಇದನ್ನೇ ಇನ್ವರ್ಸ್ ಮೊನಾಯ್ಡ್‌ಗೆ ಹೇಗೆ ತಿರುಗಿಸುವುದು ಅನ್ನುವುದಕ್ಕೆ ಬಂದಾಗ ಟೈಮ್ ಸಾಲಲಿಲ್ಲ. ನಾನು ಸೇರಿದ್ದೇ ಅದಕ್ಕಾಗಿ, ಹಾಗಾಗಿ ಬೇಜಾರಾಯಿತು.

ಏನು ಬದಲಾಗುತ್ತದೆ ಅಂತ ಮಾತ್ರ ಸ್ಪಷ್ಟವಾಗಿ ತೋರಿಸಿದರು. ಆರ್ಬಿಟ್ (ಒಂದು ಚುಕ್ಕಿ ಹೋಗಿ ಸೇರಬಹುದಾದ ಚುಕ್ಕಿಗಳ ಗುಂಪು) ಹಾಳಾಗುವುದಿಲ್ಲ. ಎಸ್ ಒಂದು ಚುಕ್ಕಿಯನ್ನು ಇನ್ನೊಂದಕ್ಕೆ ಕಳಿಸಿದರೆ ಎಸ್-ಇನ್ವರ್ಸ್ ವಾಪಸ್ ತರುತ್ತದೆ, ಹಾಗಾಗಿ ಚುಕ್ಕಿಗಳು ಮೊದಲಿನಂತೆ ಗುಂಪು ಗುಂಪಾಗಿ ಬೇರೆಯಾಗುತ್ತವೆ. ಸ್ಟೆಬಿಲೈಸರ್ ಮಾತ್ರ ಬೇರೆ ರೂಪ ತಾಳುತ್ತದೆ. ಒಂದು ಚುಕ್ಕಿಯನ್ನು ಕದಲಿಸದೆ ಬಿಡುವ ಎಲಿಮೆಂಟ್‌ಗಳೆಲ್ಲ ಸೇರಿ ಗ್ರೂಪ್ ಆಗುವುದಿಲ್ಲ, ಇನ್ವರ್ಸ್ ಸಬ್‌ಮೊನಾಯ್ಡ್ ಆಗುತ್ತವೆ. ಅದರಲ್ಲೂ ಮೇಲಕ್ಕೆ ಮುಚ್ಚಿದ್ದು: ಎಸ್ ಆ ಚುಕ್ಕಿಯನ್ನು ಅಲ್ಲೇ ಬಿಟ್ಟರೆ, ಎಸ್ ಅನ್ನು ಒಳಗೊಂಡ ದೊಡ್ಡ ಮ್ಯಾಪ್ ಕೂಡ ಅಲ್ಲೇ ಬಿಡುತ್ತದೆ. ಇಂಥವಕ್ಕೆ ಕೋಸೆಟ್ (ಅವುಗಳ ಸರಿಸಿದ ನಕಲು) ಹೇಗೆ ಕಟ್ಟುವುದು ಅಂತ ತೋರಿಸಿದವರು ವಾಗ್ನರ್ ಅವರ ಶಿಷ್ಯ ಬೋರಿಸ್ ಶೈನ್. ಇನ್ನು ಫ್ರೀ ಅಂದರೇನು? ಗ್ರೂಪ್‌ನಲ್ಲಿ ಐಡೆಂಟಿಟಿ ಬಿಟ್ಟು ಬೇರೆ ಯಾವುದೂ ಯಾವ ಚುಕ್ಕಿಯನ್ನೂ ಹಾಗೇ ಬಿಡಬಾರದು. ಇಲ್ಲಿ ಆ ಷರತ್ತು ಹಾಕುವ ಹಾಗೇ ಇಲ್ಲ. ತುಂಡು ಐಡೆಂಟಿಟಿಗಳು ತಮ್ಮ ಡೊಮೇನ್‌ನ (ಹೊರಟ ಜಾಗದ) ಪ್ರತಿ ಚುಕ್ಕಿಯನ್ನೂ ಹಾಗೇ ಬಿಡುತ್ತವಲ್ಲ! ಷರತ್ತನ್ನು ಸಡಿಲ ಮಾಡಬೇಕು. ಎಷ್ಟು ಸಡಿಲ ಅನ್ನುವ ಚರ್ಚೆಗೆ ಒಂದಿಡೀ ಭಾನುವಾರ ಬೇಕಿತ್ತು. ಸಿಕ್ಕಿದ್ದು ಕೊನೆಯ ಅರ್ಧ ಗಂಟೆ. ಮೊದಲ ವಾರಗಳಲ್ಲಿ ಎಣಿಕೆಗೆ ಕೊಟ್ಟ ಸಮಯದಲ್ಲಿ ಸ್ವಲ್ಪ ಇಲ್ಲಿಗೆ ಉಳಿಸಿದ್ದರೆ ಚೆನ್ನಾಗಿತ್ತು. ಮೇಷ್ಟ್ರಿಗೇ ಇದನ್ನು ಹೇಳಿದ್ದೇನೆ. "ಮುಂದಿನ ಬ್ಯಾಚಿಗೆ ನೋಡೋಣಮ್ಮ" ಅಂದಿದ್ದಾರೆ.

ಇನ್ನು ವ್ಯವಸ್ಥೆ. ಮನೆಯ ಮಹಡಿ ಮೇಲಿನ ಹಾಲ್, ಹತ್ತು ಹದಿನೈದು ಜನ ಕೂರಬಹುದು. ಬೆಂಚುಗಳಿಗೆ ಒರಗಲು ಏನೂ ಇಲ್ಲ, ಬೆನ್ನು ನೋವಿರುವವರು ಗೋಡೆ ಪಕ್ಕದ ಜಾಗ ಹಿಡಿಯಿರಿ. ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆ, ನಡುವೆ ಅಮ್ಮನವರು ಕಾಫಿ ಕೊಡುತ್ತಾರೆ. ಫೀಸು ತಿಂಗಳಿಗೆ 800 ರೂಪಾಯಿ, ಓದುವ ಮಕ್ಕಳಿಗೆ ಅರ್ಧ. ಕೊಡಲು ಆಗದವರನ್ನು ಮೇಷ್ಟ್ರು ಕೇಳಿದ್ದು ನಾನು ನೋಡಿಲ್ಲ. ಪ್ರಿಂಟ್ ನೋಟ್ಸ್ ಕೊಡುವುದಿಲ್ಲ, ಬೋರ್ಡಿನ ಫೋಟೋ ತೆಗೆಯಲೂ ಬಿಡುವುದಿಲ್ಲ, ಬರೆದುಕೊಳ್ಳಬೇಕು. ಒಂದು ವಾರ ತಪ್ಪಿದರೆ ಯಾರದಾದರೂ ಪುಸ್ತಕ ಕೇಳಿ ಜೆರಾಕ್ಸ್ ಮಾಡಿಸಿಕೊಳ್ಳುವುದೇ ದಾರಿ. ನನ್ನಂತೆ ಹೊರಗಿನಿಂದ ಬರುವವರಿಗೆ ಇದು ಕಷ್ಟ, ಈ ನಿಯಮ ಬದಲಾಗಬೇಕು.

ಪಾಠ ಕನ್ನಡದಲ್ಲೇ ನಡೆಯುತ್ತದೆ. ಮೊನಾಯ್ಡ್, ಆರ್ಬಿಟ್ ಎಲ್ಲ ಹಾಗೇ ಇರುತ್ತವೆ, ಮಾತು ಮಾತ್ರ ನಮ್ಮದು. ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳಲು ಹಿಂಜರಿದು ಕಾಲೇಜಿನಲ್ಲಿ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದ ಹುಡುಗಿಯೊಬ್ಬಳು ಇಲ್ಲಿ ಮೇಷ್ಟ್ರ ಪ್ರೂಫನ್ನೇ ತಡೆದು "ಸಾರ್, ಈ ಸಬ್‌ಗ್ರಾಫ್‌ನಲ್ಲಿ ಗೆರೆ ಇದೆ, ಅದರ ತುದಿ ಚುಕ್ಕಿ ಇಲ್ಲ" ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಗೆರೆ ಡೊಮೇನ್‌ನಲ್ಲಿ ಇದ್ದರೆ ಅದರ ಎರಡು ತುದಿಯೂ ಇರಲೇಬೇಕು, ಇಲ್ಲದಿದ್ದರೆ ಅದು ಗ್ರಾಫೇ ಅಲ್ಲ. ಮೇಷ್ಟ್ರು ಅಳಿಸಿ ಸರಿಮಾಡಿ, ಅವಳ ಕೈಯಲ್ಲೇ ಮುಂದಿನ ಸಾಲು ಬರೆಸಿದರು.

ನೆಟ್, ಕೆಸೆಟ್‌ಗೆ (ಕಾಲೇಜು ಪಾಠಕ್ಕೆ ಬೇಕಾದ ಅರ್ಹತಾ ಪರೀಕ್ಷೆಗಳಿಗೆ) ಓದುತ್ತಿದ್ದೀರಾ? ಹಾಗಾದರೆ ಈಗ ಬೇಡ. ಆ ಸಿಲಬಸ್‌ನಲ್ಲಿ ಗ್ರೂಪ್, ರಿಂಗ್, ಫೀಲ್ಡ್ ಇವೆ, ಇನ್ವರ್ಸ್ ಮೊನಾಯ್ಡ್ ಇಲ್ಲ. ಪರೀಕ್ಷೆ ಮುಗಿಸಿ ಬನ್ನಿ. ಬಿಎಸ್ಸಿ ಮಟ್ಟದ ಗ್ರೂಪ್ ಥಿಯರಿ ಗಟ್ಟಿ ಇದ್ದರೆ ಸಾಕು, ಎಂಎಸ್ಸಿ ಆಗಿರಲೇಬೇಕು ಅಂತ ಇಲ್ಲ. ಗ್ರಾಫ್ ಥಿಯರಿ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಕಂಪ್ಯೂಟರ್ ಸೈನ್ಸ್ ಕಡೆಯವರಿಗೆ ಮನ್ ಟ್ರೀ ಭಾಗ ಬೇಗ ಹಿಡಿಸುತ್ತದೆ, ಆಟೊಮ್ಯಾಟ ಓದಿದವರಿಗೆ ಇನ್ನೂ ಬೇಗ. ಗೆರೆ ಇಲ್ಲದ ದೊಡ್ಡ ನೋಟ್‌ಬುಕ್, ಪೆನ್ಸಿಲ್, ಒಳ್ಳೆಯ ರಬ್ಬರ್ ತನ್ನಿ, ಮರ ಬರೆಯುವುದು ಅಳಿಸುವುದು ತುಂಬಾ ಇರುತ್ತದೆ. ಹೊಸ ಬ್ಯಾಚ್ ದಸರಾ ರಜೆ ಮುಗಿದ ಮೇಲಿನ ಭಾನುವಾರ ಶುರು. ಆ ಅರ್ಧ ಗಂಟೆಯಲ್ಲಿ ಓಡಿಹೋದ ಭಾಗಕ್ಕಾಗಿ ನಾನು ಮತ್ತೆ ಫೀಸು ಕಟ್ಟಿದ್ದೇನೆ.